ಕಡಲ ದಂಡೆಯಲ್ಲಿ, ಘಟ್ಟದ ಮೇಲೆ ಬಯಲಲ್ಲಿ ಕೊಳಲು ಊದುವುದು: ಗಾಳಿ, ಶ್ರುತಿ, ಬಿದಿರಿನ ಆರೈಕೆ

ಕೋಣೆಯೊಳಗೆ ನಿಚ್ಚಳವಾಗಿ ನುಡಿಯುವ ಕೊಳಲು ಕಾರವಾರದ ಕಡಲ ದಂಡೆಗೆ ಬಂದ ಕೂಡಲೇ ಬರೀ ಉಸಿರಿನ ಸದ್ದು ಮಾಡುತ್ತದೆ. ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ಪ, ಏಳುವುದೇ ಇಲ್ಲ. ಷಡ್ಜ, ಅಂದರೆ ಸಾ, ನಡುವೆ ತುಂಡಾಗುತ್ತದೆ. ಬಲ ಹಾಕಿದಷ್ಟೂ ಸ್ವರ ಮೇಲಿನ ಸಪ್ತಕಕ್ಕೆ ಜಿಗಿಯುತ್ತದೆ. ಆಗ ಹೆಚ್ಚಿನವರು ಇನ್ನೂ ಜೋರಾಗಿ ಊದುತ್ತಾರೆ, ಕೆಲಸ ಕೆಡುವುದು ಅಲ್ಲಿಂದಲೇ. ಬಯಲಲ್ಲಿ ಊದುವ ವಿದ್ಯೆಯ ಮುಕ್ಕಾಲು ಪಾಲು ಯಾವ ಹೊತ್ತಿಗೆ, ಎಲ್ಲಿ, ಯಾವ ಕಡೆ ಮುಖ ಮಾಡಿ ಕೂರಬೇಕು ಎನ್ನುವುದರಲ್ಲಿದೆ. ಶ್ವಾಸದ ಬಲ ಆಮೇಲಿನ ಮಾತು.

ಉತ್ತರ ಕನ್ನಡದಲ್ಲಿ ಹಿಂದೂಸ್ತಾನಿ ಸಂಗೀತದ ಬಳಕೆ ಹೆಚ್ಚಾದ್ದರಿಂದ ಇಲ್ಲಿ ಆರು ಬೆರಳ ತೂತಿನ ಬಾನ್ಸುರಿಯನ್ನೇ ಲೆಕ್ಕಕ್ಕೆ ಹಿಡಿದಿದೆ. ಎಂಟು ತೂತಿನ ಕರ್ನಾಟಕ ಸಂಗೀತದ ಕೊಳಲಿಗೂ ಬೆರಳ ಲೆಕ್ಕ ಬಿಟ್ಟರೆ ಉಳಿದದ್ದೆಲ್ಲ ಹೊಂದುತ್ತದೆ.

ಗಾಳಿ ಸ್ವರವನ್ನು ಒಡೆಯುವುದು ಹೇಗೆ

ತುಟಿಯಿಂದ ಹೊರಟ ತೆಳುವಾದ ಉಸಿರಿನ ಪಟ್ಟಿ ಊದುವ ತೂತಿನ ಆಚೆ ಅಂಚಿಗೆ ಬಡಿದು, ಅಂಚಿನ ಒಳಗೆ ಹೊರಗೆ ಓಲಾಡಿದಾಗ ಕೊಳಲು ನುಡಿಯುತ್ತದೆ. ತುಟಿಯಿಂದ ಅಂಚಿಗೆ ಇರುವ ದೂರ ಒಂದು ಸೆಂಟಿಮೀಟರಿಗಿಂತ ಕಡಿಮೆ. ಆ ಚೂರು ಜಾಗದಲ್ಲಿ ಅಡ್ಡಗಾಳಿ ಹೊಕ್ಕರೆ ಉಸಿರಿನ ಪಟ್ಟಿ ದೀಪದ ಕುಡಿಯಂತೆ ವಾಲಿ ಅಂಚನ್ನು ತಪ್ಪಿಸಿಕೊಳ್ಳುತ್ತದೆ. ಕೆಳಗಿನ ಸ್ವರಗಳಿಗೆ ನಾವು ಮೆಲ್ಲಗೆ ಊದುತ್ತೇವೆ. ಉಸಿರಿನ ವೇಗ ಕಡಿಮೆ ಇರುವುದರಿಂದ ಗಾಳಿಗೆ ಮೊದಲು ಸೋಲುವುದು ಅವೇ. ಮಂದ್ರ ಪಂಚಮ ಹೋಗುತ್ತದೆ, ಆಮೇಲೆ ಮಂದ್ರ ಧೈವತ, ನಿಷಾದ. ತಾರ ಷಡ್ಜ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಹಾಗಾಗಿ ಮಂದ್ರ ಪಂಚಮವೇ ಪರೀಕ್ಷೆಯ ಸ್ವರ. ಕೂತ ಜಾಗದಲ್ಲಿ ಆರೂ ತೂತು ಮುಚ್ಚಿ ಅದನ್ನು ಐದು ಸೆಕೆಂಡ್ ಒಡೆಯದೆ ಹಿಡಿಯಲು ಬಂದರೆ ಜಾಗ ಸರಿಯಿದೆ ಎಂದು ತಿಳಿಯಿರಿ.

ಎದುರುಗಾಳಿ ಎಲ್ಲಕ್ಕಿಂತ ಕೆಟ್ಟದ್ದು, ಉಸಿರನ್ನು ತುಟಿಯ ಕಡೆಗೇ ನೂಕುತ್ತದೆ. ಬೆನ್ನ ಹಿಂದಿನ ಗಾಳಿಗೆ ನಿಮ್ಮ ತಲೆ ಮತ್ತು ಭುಜಗಳೇ ಅಡ್ಡ ನಿಲ್ಲುತ್ತವೆ. ಆದರೆ ಬೆನ್ನಿಗೆ ನೇರವಾಗಿ ಬೀಸುವ ಗಾಳಿ ಕೆನ್ನೆಗಳ ಪಕ್ಕದಿಂದ ಸುತ್ತಿ ಮುಖದ ಮುಂದೆ ಸಣ್ಣ ಸುಳಿ ಎಬ್ಬಿಸುವುದುಂಟು, ಅದಕ್ಕೇ ಸ್ವಲ್ಪ ಓರೆಯಾಗಿ ಕೂರಬೇಕು. ಎಷ್ಟು ಓರೆ ಎನ್ನುವುದನ್ನು ಕಂಡುಕೊಳ್ಳುವ ಕ್ರಮ ಮುಂದೆ ಇದೆ.

ಹೊತ್ತು ಮತ್ತು ದಿಕ್ಕು

ಕರಾವಳಿಯ ಗಾಳಿಗೆ ದಿನಚರಿ ಇದೆ. ಹಗಲು ನೆಲ ಕಾದು ಮೇಲಿನ ಗಾಳಿ ಹಗುರಾಗಿ ಏರುತ್ತದೆ, ತೆರವಾದ ಜಾಗಕ್ಕೆ ಕಡಲ ಕಡೆಯ ತಂಪುಗಾಳಿ ನುಗ್ಗುತ್ತದೆ. ರಾತ್ರಿ ನೆಲವೇ ಬೇಗ ತಣಿಯುವುದರಿಂದ ಗಾಳಿ ತಿರುಗಿ ನೆಲದಿಂದ ಕಡಲಿಗೆ ಮೆಲ್ಲಗೆ ಹರಿಯುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈ ಕ್ರಮ ಸ್ಪಷ್ಟವಾಗಿ ಕಾಣುತ್ತದೆ. ಮಾಜಾಳಿಯಿಂದ ಭಟ್ಕಳದವರೆಗೆ ನಮ್ಮ ದಂಡೆ ಹೆಚ್ಚುಕಡಿಮೆ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಲೆಕ್ಕ ಸುಲಭ.

ಬೆಳಗಿನ ಜಾವದಿಂದ ಸುಮಾರು ಒಂಬತ್ತರವರೆಗೆ ನೆಲದ ಗಾಳಿ, ಅದೂ ಸಣ್ಣದು. ಆಗ ಕಡಲಿಗೆ ಮುಖ ಮಾಡಿ ಕೂರಿ, ಗಾಳಿ ಬೆನ್ನಿಗೆ ಬರುತ್ತದೆ. ಒಂಬತ್ತು, ಹತ್ತರ ಸುಮಾರಿಗೆ ಗಾಳಿ ದಿಕ್ಕು ಬದಲಿಸುವ ಮುನ್ನ ಸ್ವಲ್ಪ ಹೊತ್ತು ನಿಂತೇ ಹೋಗುತ್ತದೆ. ದೊಡ್ಡ ಕೊಳಲಿಗೆ ಇದು ಬಹಳ ಒಳ್ಳೆಯ ಹೊತ್ತು. ಮಧ್ಯಾಹ್ನ ಎರಡರಿಂದ ಐದರವರೆಗೆ ಕಡಲಗಾಳಿಯ ಅಬ್ಬರ. ತೆರೆದ ದಂಡೆಯಲ್ಲಿ ಆಗ ಊದುವ ಪ್ರಯತ್ನವೇ ಬೇಡ. ಸೂರ್ಯ ಮುಳುಗುವ ಹೊತ್ತಿಗೆ ಗಾಳಿ ಇಳಿಯತೊಡಗುತ್ತದೆ, ಆದರೂ ಅದು ಇನ್ನೂ ಕಡಲಿನಿಂದಲೇ ಬರುತ್ತಿರುತ್ತದೆ. ಮುಳುಗುವ ಸೂರ್ಯನಿಗೆ ಎದುರಾಗಿ ಕೂತು ಊದಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಕೊಳಲಿಗೆ ಅದು ಸರಿಯಾಗಿ ತಿರುಗುಮುರುಗು ದಿಕ್ಕು. ಸಂಜೆ ಕಡಲಿಗೆ ಬೆನ್ನು ಹಾಕಿ, ಗಾಳಿಮರದ ತೋಪಿನ ಕಡೆ ನೋಡುತ್ತ ಊದಿ. ಕತ್ತಲಾದ ಮೇಲಿನ ಒಂದು ತಾಸು ಮತ್ತೆ ಶಾಂತ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಯನ್ನು ಮರೆತುಬಿಡಿ. ನೈಋತ್ಯ ಮಳೆಗಾಳಿ ಹಗಲಿರುಳೂ ಒಂದೇ ದಿಕ್ಕಿನಿಂದ ಬೀಸುತ್ತದೆ, ಅಲೆಯ ಮೊರೆತವೂ ಹೆಚ್ಚು. ಆ ತಿಂಗಳುಗಳಿಗೆ ಮನೆಯ ಜಗುಲಿಯೋ ದೇವಸ್ಥಾನದ ಪೌಳಿಯೋ ಸಾಕು.

ಜಾಗ ಹುಡುಕುವುದು

ಗಾಳಿ ತಡೆಯಲು ಗೋಡೆಗಿಂತ ಮರಗಳ ಸಾಲು ಮೇಲು. ಗಟ್ಟಿ ಗೋಡೆಯ ಮೇಲಿಂದ ಹಾರಿದ ಗಾಳಿ ಹಿಂಬದಿಯಲ್ಲಿ ಸುಳಿಯಾಗಿ ಕೆಳಗಿಳಿಯುತ್ತದೆ. ಮರಗಳ ಸಾಲು ಗಾಳಿಯನ್ನು ಸೋಸಿ ನಿಧಾನ ಮಾಡುತ್ತದೆ, ಸುಳಿ ಕಡಿಮೆ. ಕಾರವಾರ, ಅಂಕೋಲಾ, ಕುಮಟಾ ದಂಡೆಗಳಲ್ಲಿ ನೆಟ್ಟಿರುವ ಗಾಳಿಮರದ ತೋಪುಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಆದರೆ ತೋಪಿನ ಒಳಗೇ ಕೂತರೆ ಎಲೆಗಳ ಸುಯ್ಯೆನ್ನುವ ಸದ್ದು ಕೊಳಲಿನ ಉಸಿರ ಸದ್ದಿನೊಂದಿಗೆ ಕಲಸಿಹೋಗಿ, ಸ್ವರ ಶುದ್ಧವಾಗಿದೆಯೋ ಇಲ್ಲವೋ ತಿಳಿಯದು. ಗಾಳಿ ಬರುವ ದಿಕ್ಕಿಗೆ ತೋಪು ಇರಲಿ, ನೀವು ಅದರಾಚೆ, ಮರದ ಎತ್ತರದ ಎರಡರಿಂದ ಐದು ಪಟ್ಟು ದೂರದಲ್ಲಿರಿ. ಹತ್ತು ಮೀಟರ್ ಎತ್ತರದ ಮರವಾದರೆ ಇಪ್ಪತ್ತರಿಂದ ಐವತ್ತು ಮೀಟರ್.

ದಂಡೆಗೆ ಎಳೆದಿಟ್ಟ ದೋಣಿಯ ಮರೆಯೂ ಕೆಲಸಕ್ಕೆ ಬರುತ್ತದೆ, ದೋಣಿಯವರನ್ನು ಕೇಳಿ ಕೂರಬೇಕು. ನಸುಕಿನಲ್ಲಿ ರಂಪಣಿ ಬಲೆ ಎಳೆಯುವ ಕಡೆ ಹಗ್ಗದ ದಾರಿಯಿಂದ ದೂರವಿರಿ. ತೆಂಗಿನ ಮರದ ಬುಡ ಬೇಡವೇ ಬೇಡ, ತೆಂಗಿನಕಾಯಿಯೂ ಮಡಲೂ ಹೇಳಿ ಬೀಳುವುದಿಲ್ಲ.

ಗೋಕರ್ಣದ ಓಂ ಕಡಲತೀರ, ಕುಡ್ಲೆಗಳಲ್ಲಿ ದಂಡೆಯ ಎರಡೂ ತುದಿಗೆ ಗುಡ್ಡ ಚಾಚಿಕೊಂಡಿರುವುದರಿಂದ ಬಂಡೆಗಳ ಮರೆ ಸಿಗುತ್ತದೆ. ಎರಡು, ಮೂರು ಮೀಟರ್ ಮುಂದೆ ಬಂಡೆಯೋ ಗೋಡೆಯೋ ಇದ್ದರೆ ಇನ್ನೊಂದು ಲಾಭವಿದೆ: ನಿಮ್ಮ ಸ್ವರ ಬಡಿದು ನಿಮ್ಮ ಕಿವಿಗೇ ವಾಪಸು ಬರುತ್ತದೆ. ಇದು ಸಣ್ಣ ಮಾತಲ್ಲ. ಕೋಣೆಯಲ್ಲಿ ನಾವು ಕೇಳುವ ಸ್ವರದಲ್ಲಿ ಗೋಡೆಯ ಪಾಲು ದೊಡ್ಡದು. ಬಯಲಲ್ಲಿ ಅದು ಇಲ್ಲದೆ ಕೊಳಲು ಬಡಕಲಾಗಿ ಕೇಳುತ್ತದೆ, ನಾವು ಗೊತ್ತಿಲ್ಲದೆಯೇ ಉಸಿರು ಹೆಚ್ಚಿಸುತ್ತೇವೆ, ಶ್ರುತಿ ಮೇಲೇರುತ್ತದೆ. ಮುಂದೊಂದು ಗೋಡೆ ಇದ್ದರೆ ಈ ಚಟ ತಾನಾಗಿ ಕಡಿಮೆಯಾಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗಾಳಿಯ ಕಾಟ ಕಡಿಮೆ, ನೀರಿನ ಸದ್ದಿನದು ಹೆಚ್ಚು. ಶಾಲ್ಮಲೆಯ ಸಹಸ್ರಲಿಂಗದಲ್ಲಿ ನೀರಿನ ಪಕ್ಕದ ಬಂಡೆ ನೋಡಲು ಚೆಂದ, ಆದರೆ ಹರಿಯುವ ನೀರಿನ ಸದ್ದು ಮಂದ್ರವನ್ನು ನುಂಗುತ್ತದೆ. ನದಿಯಿಂದ ಐವತ್ತು ಹೆಜ್ಜೆ ಮೇಲೇರಿ ಮರದ ನೆರಳಿಗೆ ಹೋದರೆ ಕೊಳಲು ಮತ್ತೆ ಕೇಳುತ್ತದೆ. ಅಡಿಕೆ ತೋಟದೊಳಗೆ ಗಾಳಿಯೇ ಇರುವುದಿಲ್ಲ, ಸೋಗೆ ಬೀಳದ ಕಡೆ ನೋಡಿ ಕೂರಿ. ಮಳೆಗಾಲದಲ್ಲಾದರೆ ಉಂಬಳ. ಅದಕ್ಕೆ ಕಾಲಿಗೆ ಎಣ್ಣೆ, ಸುಣ್ಣ ಹಚ್ಚಿದ್ದರೆ ಕೈ ತೊಳೆದೇ ಕೊಳಲು ಮುಟ್ಟಬೇಕು. ಸೊಳ್ಳೆ ಕ್ರೀಮಿಗೂ ಇದೇ ಮಾತು. ಅದು ಬೆರಳ ತುದಿಗೂ ತುಟಿಗೂ ತಾಗದಿರಲಿ, ಕೊಳಲಿನ ಪಾಲಿಶ್ ಕರಗಿ ಅಂಟಂಟಾಗುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಊದುವುದು ಬೇಡ, ಅಲ್ಲಿನ ಮೌನ ಪ್ರಾಣಿಗಳದು.

ಯಾವ ಕೊಳಲು ಒಯ್ಯಬೇಕು

ಹಾರ್ಮೋನಿಯಂ ಲೆಕ್ಕದ ಬಿಳಿ 3 (ಮೂರನೇ ಬಿಳಿ ಮನೆ), ಅಂದರೆ ಇಂಗ್ಲಿಷಿನ ಇ (E) ಶ್ರುತಿಯ ಬಾನ್ಸುರಿ ಸುಮಾರು 75 ಸೆಂಟಿಮೀಟರ್ ಉದ್ದ. ಅದರ ಮಂದ್ರ ಪಂಚಮ ಸುಮಾರು 247 ಹರ್ಟ್ಸ್. ಪನ್ನಾಲಾಲ್ ಘೋಷ್ ಅವರು ಶಾಸ್ತ್ರೀಯ ಸಂಗೀತಕ್ಕೆ ತಂದ ಉದ್ದದ ಕೊಳಲಿನ ಪರಂಪರೆಯದ್ದು ಇದು. ಅದರ ಮೃದುತನವೇ ಅದರ ಸೊಗಸು, ಬಯಲಲ್ಲಿ ಅದೇ ಅದರ ಕಷ್ಟ. ಅಲೆಯ ಮೊರೆತ ಅದನ್ನು ಮುಚ್ಚಿಬಿಡುತ್ತದೆ. ದಂಡೆಗೆ ಬಿಳಿ 5, ಅಂದರೆ ಜಿ (G) ಶ್ರುತಿಯ ಸುಮಾರು 60 ಸೆಂಟಿಮೀಟರಿನ ಕೊಳಲು ಸರಿಯಾದ ಆಯ್ಕೆ. ತೂತುಗಳು ಹತ್ತಿರ, ಬೆರಳು ಚಾಚುವ ಶ್ರಮವಿಲ್ಲ, ಉಸಿರಿನ ವೇಗ ಹೆಚ್ಚಾದ್ದರಿಂದ ಗಾಳಿಗೂ ಬಗ್ಗುವುದಿಲ್ಲ. ಗಾಳಿ ಇನ್ನೂ ಹೆಚ್ಚಿದ್ದರೆ 45 ಸೆಂಟಿಮೀಟರ್ ಆಸುಪಾಸಿನ ಬಿಳಿ 1. ದೊಡ್ಡ ಕೊಳಲನ್ನು ಗಾಳಿ ನಿಂತ ಬೆಳಗಿನ ಹೊತ್ತಿಗೆ, ಇಲ್ಲವೇ ಶಿರಸಿಯ ಕಡೆಯ ತೋಟಕ್ಕೆ ಮೀಸಲಿಡಿ. ಎಲ್ಲಕ್ಕಿಂತ ಬೆಲೆಬಾಳುವ ಕೊಳಲು ಮನೆಯಲ್ಲೇ ಇರಲಿ.

ಕೊಳಲು ಒಯ್ಯಲು ನಲ್ಲಿ ಕೆಲಸದವರ ಎರಡು ಇಂಚಿನ ಪಿವಿಸಿ ಪೈಪಿಗಿಂತ ಒಳ್ಳೆಯ ಡಬ್ಬಿ ಇಲ್ಲ. ಕೊಳಲಿಗಿಂತ ಐದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಒಂದು ತುದಿಗೆ ಮುಚ್ಚಳ ಅಂಟಿಸಿ, ಇನ್ನೊಂದಕ್ಕೆ ಬರೀ ಸಿಕ್ಕಿಸಿ. ಎರಡೂ ಮುಚ್ಚಳದಲ್ಲಿ ಸಣ್ಣ ತೂತು ಬೇಕು. ಗಾಳಿಯಾಡದ ಪೈಪಿನಲ್ಲಿ ಹಸಿ ಕೊಳಲಿಟ್ಟರೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಕೊಳಲನ್ನು ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ ಒಳಗಿಡಿ. ಜೊತೆಗೆ ಒಳಗೆ ಒರೆಸಲು ಬಟ್ಟೆ ಸುತ್ತಿದ ಕೋಲು, ಬೆವರಿಗೆ ಟವೆಲ್, ಎರಡು ಮೀಟರ್ ಗಟ್ಟಿ ನೈಲಾನ್ ದಾರ, ಅಂಟುಟೇಪು, ಕೂರಲು ಚಾಪೆ, ಕುಡಿಯುವ ನೀರು.

ಕೂತ ಮೇಲೆ ಮಾಡಬೇಕಾದ್ದು

ಮೊದಲು ಹತ್ತು ನಿಮಿಷ ಕೊಳಲನ್ನು ಡಬ್ಬಿಯಿಂದ ತೆಗೆದು ನೆರಳಿನಲ್ಲಿ ಇಟ್ಟುಕೊಳ್ಳಿ, ಹೊರಗಿನ ಹವೆಗೆ ಬಿದಿರು ಹೊಂದಿಕೊಳ್ಳಲಿ. ಆ ಹೊತ್ತಿಗೆ ಗಾಳಿಯ ದಿಕ್ಕು ನೋಡಿ. ಮೇಲ್ದುಟಿಯನ್ನು ನಾಲಿಗೆಯಿಂದ ತೇವ ಮಾಡಿಕೊಂಡು ನಿಧಾನ ತಿರುಗಿದರೆ ತಂಪು ಯಾವ ಕಡೆಯಿಂದ ಎಂದು ತಿಳಿಯುತ್ತದೆ. ಬೆರಳಿಗಿಂತ ತುಟಿ ನಂಬಿಕಸ್ತ, ಕೊಳಲಿಗೆ ಗಾಳಿ ತಾಗುವುದೂ ಅಲ್ಲೇ.

ಈಗ ಗಾಳಿಗೆ ಬೆನ್ನು ಹಾಕಿ ನಿಂತು ಮಧ್ಯ ಷಡ್ಜ ಹಿಡಿಯಿರಿ, ಅಂದರೆ ಮೇಲಿನ ಮೂರು ತೂತು ಮುಚ್ಚಿ. ಸ್ವರ ಬಿಡದೆ, ಉಸಿರಿನ ಬಲ ಬದಲಿಸದೆ, ಮೈಯನ್ನು ಇಷ್ಟಿಷ್ಟೇ ಎಡಕ್ಕೆ ತಿರುಗಿಸಿ. ಒಂದು ಕಡೆ ಸ್ವರದಲ್ಲಿನ ಸುಸ್ ಸದ್ದು ಇಳಿದು ದನಿ ತುಂಬಿಕೊಳ್ಳುತ್ತದೆ. ನಂತರ ಬಲಕ್ಕೂ ಹಾಗೇ ಮಾಡಿ. ಎರಡರಲ್ಲಿ ದನಿ ಹೆಚ್ಚು ತುಂಬಿದ ದಿಕ್ಕನ್ನು ಗುರುತಿಟ್ಟುಕೊಂಡು ಮಂದ್ರ ಪಂಚಮದಿಂದ ಖಾತ್ರಿ ಮಾಡಿಕೊಳ್ಳಿ. ಸಾಮಾನ್ಯವಾಗಿ ನೇರ ಬೆನ್ನುಗಾಳಿಯಿಂದ 30ರಿಂದ 45 ಡಿಗ್ರಿ ಓರೆಯಲ್ಲಿ ಈ ಜಾಗ ಸಿಗುತ್ತದೆ. ಆ ಮೇಲೆ ಚಾಪೆ ಹಾಸಿ. ಮೊದಲೇ ಚಾಪೆ ಹಾಸಿ ಕೂತವರು ಏಳಲು ಬೇಸರಪಟ್ಟು ತಪ್ಪು ದಿಕ್ಕಿನಲ್ಲೇ ಒಂದು ತಾಸು ಒದ್ದಾಡುತ್ತಾರೆ. ನೆಲಕ್ಕೆ ಹತ್ತಿರವಿದ್ದಷ್ಟೂ ಗಾಳಿಯ ವೇಗ ಕಡಿಮೆ, ಹಾಗಾಗಿ ನಿಂತು ಊದುವುದಕ್ಕಿಂತ ಕೂತು ಊದುವುದೇ ಲೇಸು.

ಗಾಳಿ ಬಿಟ್ಟು ಬಿಟ್ಟು ಬೀಸುತ್ತಿದ್ದರೆ ಶಾಲನ್ನು ಗಾಳಿಯ ಕಡೆಯ ಭುಜದ ಮೇಲೆ ಕೆನ್ನೆಯೆತ್ತರಕ್ಕೆ ಏರಿಸಿಕೊಳ್ಳಿ. ಕಿವಿ ಮಾತ್ರ ಮುಚ್ಚಬೇಡಿ, ಶ್ರುತಿ ತಪ್ಪುತ್ತದೆ.

ತುಟಿಯ ಹೊಂದಾಣಿಕೆ

ಒಳಗೆ ಊದುವಾಗ ತೂತಿನ ಸುಮಾರು ಮೂರನೇ ಒಂದು ಭಾಗವನ್ನು ಕೆಳದುಟಿ ಮುಚ್ಚಿರುತ್ತದೆ. ಹೊರಗೆ ಕೊಳಲನ್ನು ಒಂದೆಳೆ ಒಳಕ್ಕೆ ಹೊರಳಿಸಿ, ಅರ್ಧದ ಹತ್ತಿರ ಮುಚ್ಚಿ. ತುಟಿಯಿಂದ ಅಂಚಿಗೆ ದೂರ ಕಡಿಮೆಯಾಗಿ ಗಾಳಿ ನುಗ್ಗಲು ಸಂದು ಸಿಗುವುದಿಲ್ಲ. ಜೊತೆಗೆ ತುಟಿಗಳ ನಡುವಿನ ಸೀಳನ್ನು ಕಿರಿದು ಮಾಡಿ. ಉಸಿರಿನ ಪ್ರಮಾಣ ಅಷ್ಟೇ ಇದ್ದರೂ ವೇಗ ಏರುತ್ತದೆ. ಜೋರಾಗಿ ಊದುವುದಕ್ಕೆ ಬದಲಾಗಿ ಮಾಡಬೇಕಾದ್ದು ಇದೇ.

ಇದಕ್ಕೊಂದು ಬೆಲೆ ಇದೆ. ಒಳಕ್ಕೆ ಹೊರಳಿಸಿದಾಗ ಶ್ರುತಿ ಇಳಿಯುತ್ತದೆ, ಉಸಿರಿನ ವೇಗ ಏರಿದಾಗ ಶ್ರುತಿ ಮೇಲೇರುತ್ತದೆ. ಎರಡೂ ಒಂದನ್ನೊಂದು ಸರಿದೂಗುವ ಬಿಂದುವನ್ನು ಷಡ್ಜ ಮತ್ತು ಪಂಚಮಗಳ ಮೇಲೆ ಹತ್ತು ಸೆಕೆಂಡಿನ ದೀರ್ಘ ಸ್ವರ ಹಿಡಿದು ಕಂಡುಕೊಳ್ಳಬೇಕು. ಮನೆಯಲ್ಲೇ ಅಭ್ಯಾಸ ಮಾಡಬಹುದು: ಟೇಬಲ್ ಫ್ಯಾನನ್ನು ಕಡಿಮೆ ವೇಗದಲ್ಲಿ ಎರಡು ಮೀಟರ್ ದೂರಕ್ಕಿಟ್ಟು ಬೇರೆಬೇರೆ ದಿಕ್ಕಿಗೆ ಕೂತು ಊದಿ. ಊರ ಜಾತ್ರೆಯ ವೇದಿಕೆಯಲ್ಲಿ ಕಲಾವಿದರಿಗೆ ಸೆಕೆಯಾಗದಿರಲೆಂದು ಪ್ರೀತಿಯಿಂದ ಇಡುವ ದೊಡ್ಡ ಫ್ಯಾನೂ ಕೊಳಲಿಗೆ ಎದುರುಗಾಳಿಯೇ, ಅದನ್ನು ಬೆನ್ನ ಹಿಂದಕ್ಕೆ ಸರಿಸಲು ಮೊದಲೇ ಹೇಳಬೇಕು.

ಶ್ರುತಿ ಏರುವುದು, ಇಳಿಯುವುದು

ಕೊಳಲಿನೊಳಗಿನ ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಶ್ರುತಿ ಏರುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್. ಸೆಂಟ್ ಎಂದರೆ ಶ್ರುತಿಯ ಅಂತರ ಅಳೆಯುವ ಮಾನ, ಒಂದು ಅರ್ಧಸ್ವರಕ್ಕೆ 100 ಸೆಂಟ್. ಶಿರಸಿಯ ಚಳಿಯ ಬೆಳಗಿನ 16 ಡಿಗ್ರಿಗೂ ಕಾರವಾರದ 32 ಡಿಗ್ರಿಗೂ ಲೆಕ್ಕದ ಪ್ರಕಾರ 48 ಸೆಂಟ್, ಹತ್ತಿರ ಹತ್ತಿರ ಅರ್ಧಸ್ವರದ ಅರ್ಧ. ಊದುವಾಗ ನಮ್ಮ ಉಸಿರೇ ಕೊಳಲನ್ನು ಬೆಚ್ಚಗಾಗಿಸುವುದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಕಡಿಮೆ, ಆದರೂ ಕಿವಿಗೆ ಚೆನ್ನಾಗಿ ತಿಳಿಯುವಷ್ಟು ಇರುತ್ತದೆ.

ಬಾನ್ಸುರಿಗೆ ಜೋಡಣೆ ಇಲ್ಲ, ಎಳೆದು ಉದ್ದ ಮಾಡಲಾಗದು. ತುಟಿಯಿಂದ 20, 30 ಸೆಂಟ್‌ನಷ್ಟು ಸರಿಪಡಿಸಬಹುದು, ಅದನ್ನೇ ಒಂದು ತಾಸು ಮಾಡಿದರೆ ದವಡೆ ನೋಯುತ್ತದೆ. ಹಾಗಾಗಿ ತಂಬೂರಿಗೆ ಕೊಳಲನ್ನು ಹೊಂದಿಸುವ ಬದಲು ಕೊಳಲಿಗೆ ತಂಬೂರಿಯನ್ನು ಹೊಂದಿಸಿ. ತೂತುಗಳನ್ನು ಮುಚ್ಚಿ, ಸ್ವರ ಹೊರಡಿಸದೆ, ಹಾ ಎಂದು ಬಿಸಿ ಉಸಿರನ್ನು ನಾಲ್ಕೈದು ಸಲ ಒಳಗೆ ಬಿಡಿ. ಐದರಿಂದ ಏಳು ನಿಮಿಷ ಊದಿದ ಮೇಲೆ ಮೊಬೈಲಿನ ತಂಬೂರಿ ಆಪ್‌ನಲ್ಲಿ ಸೆಂಟ್ ಲೆಕ್ಕದಲ್ಲಿ ಶ್ರುತಿ ಸರಿಪಡಿಸಿ. ಅದಕ್ಕೂ ಮೊದಲು ಸರಿಪಡಿಸಿದರೆ ಕೊಳಲು ಬೆಚ್ಚಗಾದಂತೆ ಮತ್ತೆ ತಪ್ಪುತ್ತದೆ. ಅಲೆಯ ಸದ್ದಿನ ಎದುರು ಮೊಬೈಲಿನ ಸ್ಪೀಕರ್ ಕೇಳುವುದಿಲ್ಲ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿ, ಇನ್ನೊಂದು ಕಿವಿ ಕೊಳಲಿಗಿರಲಿ.

ಘಟ್ಟದ ಮೇಲಿನ ಇಬ್ಬನಿಯ ಬೆಳಗಿನಲ್ಲಿ ಇನ್ನೊಂದು ತೊಂದರೆ: ಉಸಿರಿನ ತೇವ ತಣ್ಣನೆಯ ಬಿದಿರಿನ ಒಳಮೈಗೆ ತಾಗಿ ಹನಿಗಟ್ಟುತ್ತದೆ. ಊದುವ ತೂತಿನ ಕೆಳಗೆ ಹನಿ ನಿಂತರೆ ಸ್ವರ ಗೊರಗೊರ ಎನ್ನುತ್ತದೆ. ಕೊಳಲನ್ನು ತೂತು ಕೆಳಮುಖ ಮಾಡಿ ಕೊಡವಿ, ಕೋಲಿನ ಬಟ್ಟೆಯಿಂದ ಒರೆಸಿ. ಹದಿನೈದು ನಿಮಿಷಕ್ಕೊಮ್ಮೆ ಇದು ಬೇಕಾಗುತ್ತದೆ. ಚಳಿಗೆ ಮರಗಟ್ಟಿದ ಬೆರಳು ತೂತನ್ನು ಪೂರ್ತಿ ಮುಚ್ಚುವುದಿಲ್ಲ, ಅದೂ ಉಸಿರಿನ ತಪ್ಪಿನಂತೆಯೇ ಕೇಳುತ್ತದೆ. ಕೈ ಬೆಚ್ಚಗೆ ಮಾಡಿಕೊಂಡ ಮೇಲೆಯೇ ಕೊಳಲನ್ನು ದೂರಿ.

ಏನು ನುಡಿಸುವುದು

ಅಲೆಯ ಎದುರು ದರಬಾರಿ ಕಾನಡ ರಾಗ ಹಿಡಿಯಬೇಡಿ. ಅದರ ಜೀವವೇ ಮಂದ್ರದ ಆಂದೋಲಿತ (ಮೆಲ್ಲಗೆ ತೂಗುವ) ಗಾಂಧಾರ, ಧೈವತಗಳಲ್ಲಿದೆ, ಅವು ದಂಡೆಯಲ್ಲಿ ನಿಮಗೇ ಕೇಳುವುದಿಲ್ಲ. ಭೂಪ, ದುರ್ಗಾ, ಹಂಸಧ್ವನಿಯಂಥ ಐದು ಸ್ವರದ ರಾಗಗಳು ಬಯಲಿಗೆ ಹೊಂದುತ್ತವೆ. ಈ ಮೂರರಲ್ಲಿ ಮೊದಲ ಸ್ಥಾನ ಭೂಪಕ್ಕೆ: ಸಾ, ರೇ, ಗ, ಪ, ಧ ಐದಕ್ಕೂ ಪೂರ್ತಿ ತೂತುಗಳೇ ಸಾಕು, ಅರ್ಧ ತೂತಿನ ಕೆಲಸವಿಲ್ಲ. ಬೆವರಿದ ಬೆರಳಿಗೆ ಅರ್ಧ ತೂತು ಹಿಡಿಯುವುದು ಕಷ್ಟ. ಸಂಜೆಯ ಯಮನ್‌ನಲ್ಲಿ ಎಲ್ಲ ತೂತು ತೆರೆದಾಗ ಬರುವ ತೀವ್ರ ಮಧ್ಯಮ ಗಾಳಿಗೆ ಬೇಗ ಅಲುಗುತ್ತದೆ, ಕೊಳಲನ್ನು ಹೆಬ್ಬೆರಳುಗಳ ಮೇಲೆ ಗಟ್ಟಿಯಾಗಿ ಕೂರಿಸಿಕೊಂಡಿರಬೇಕು. ನಿಧಾನದ ವಿಲಂಬಿತ ಲಯಕ್ಕಿಂತ ಮಧ್ಯಲಯ ಸಲೀಸು, ಗಾಳಿ ತುಂಡರಿಸಿದರೂ ಮುಂದಿನ ಮಾತ್ರೆಗೆ ಸೇರಿಕೊಳ್ಳಬಹುದು.

ಮರಳು, ಬೆವರು, ಉಪ್ಪು

ಕೊಳಲನ್ನು ಮರಳ ಮೇಲೆ ಎಂದೂ ಇಡಬೇಡಿ. ಒಳಗೆ ಸೇರಿದ ಮರಳನ್ನು ಒರೆಸುವ ಬಟ್ಟೆಯೇ ಉಜ್ಜಿ, ಒಳಮೈಗೂ ಊದುವ ತೂತಿನ ಅಂಚಿಗೂ ಗೀರು ಹಾಕುತ್ತದೆ. ಅಂಚು ಮೊಂಡಾದ ಕೊಳಲಿನ ದನಿ ಮತ್ತೆ ಬಾರದು. ಮರಳು ಸೇರಿದ್ದರೆ ಮೊದಲು ತಟ್ಟಿ ಉದುರಿಸಿ, ಆಮೇಲೆ ಒರೆಸಿ. ಮುಗಿಸಿದ ಮೇಲೆ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹೊರಮೈಯ ಉಪ್ಪು ತೆಗೆದು, ಒಣಬಟ್ಟೆಯಿಂದ ಒರೆಸಿ, ಅರ್ಧ ತಾಸು ನೆರಳಲ್ಲಿ ಆರಲು ಬಿಟ್ಟು ಡಬ್ಬಿಗೆ ಹಾಕಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಕೊಳಲು ಬಿರಿಯುತ್ತದೆ, ಇದಕ್ಕೆ ವಿನಾಯಿತಿ ಇಲ್ಲ ಎಂದೇ ತಿಳಿಯಿರಿ.

ಗಾಳಿಗೆ ತುಟಿ ಒಣಗಿ ಸೀಳಿದರೆ ಮುರುಗಲ ತುಪ್ಪ ಒಳ್ಳೆಯದು, ಆದರೆ ಊದಿ ಮುಗಿಸಿದ ಮೇಲೆ ಹಚ್ಚಿ. ಜಿಡ್ಡಾದ ತುಟಿಯ ಮೇಲೆ ಕೊಳಲು ನಿಲ್ಲುವುದಿಲ್ಲ. ಊದುವಾಗ ನೀರಿನ ಗುಟುಕೇ ಸಾಕು.

ಬಿರುಕು ಮತ್ತು ಎಣ್ಣೆ

ಕರಾವಳಿಯ ತೇವದಿಂದ ಘಟ್ಟದ ಆಚೆಯ ಒಣಹವೆಗೆ, ಹುಬ್ಬಳ್ಳಿ, ಧಾರವಾಡದ ಕಡೆಗೆ, ಒಮ್ಮೆಲೇ ಒಯ್ದಾಗ ಬಿದಿರು ಬಿರಿಯುವುದು ಹೆಚ್ಚು. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಮೈ ಇನ್ನೂ ಹಸಿ ಇರುತ್ತದೆ. ಕೂದಲೆಳೆಯ ಬಿರುಕು ಕಣ್ಣಿಗೆ ಕಾಣದು. ಗಾಳಿಯೇ ಇಲ್ಲದ ಕೋಣೆಯಲ್ಲೂ ಮಂದ್ರ ಪಂಚಮ ಏಳದಿದ್ದರೆ ಅನುಮಾನಿಸಿ. ಅನುಮಾನ ಬಂದ ಕಡೆ ಉದ್ದಕ್ಕೆ ಅಂಟುಟೇಪು ಹಚ್ಚಿ ಊದಿ. ಸ್ವರ ಮರಳಿ ಬಂದರೆ ಬಿರುಕು ಅಲ್ಲೇ ಇದೆ. ದಂಡೆಯಲ್ಲಿ ಆ ದಿನಕ್ಕೆ ಟೇಪು, ಅದರ ಮೇಲೆ ದಾರ ಸಾಕು. ಮನೆಗೆ ಬಂದು ಟೇಪು ತೆಗೆದು, ಬಿರುಕಿನ ಉದ್ದಕ್ಕೂ ನೀರಿನಂಥ ತೆಳು ಫೆವಿಕ್ವಿಕ್ ಹನಿಸಿ. ಅದು ತಾನಾಗಿ ಒಳಗೆ ಇಳಿಯುತ್ತದೆ. ಒಣಗಿದ ಮೇಲೆ ದಾರದ ಒಂದು ತುದಿಯನ್ನು ಕುಣಿಕೆ ಮಾಡಿ ಕೊಳಲ ಮೇಲೆ ಮಲಗಿಸಿ, ಅದರ ಮೇಲೆ ಹದಿನೈದು, ಇಪ್ಪತ್ತು ಸುತ್ತು ಒತ್ತೊತ್ತಾಗಿ ಬಿಗಿದು, ಇನ್ನೊಂದು ತುದಿಯನ್ನು ಕುಣಿಕೆಯಲ್ಲಿ ತೂರಿಸಿ, ಮೊದಲ ತುದಿ ಎಳೆದರೆ ಗಂಟು ಸುತ್ತಿನ ಅಡಿಗೆ ಸೇರಿಕೊಳ್ಳುತ್ತದೆ. ಬಿರುಕು ಊದುವ ತೂತನ್ನು ದಾಟಿದ್ದರೆ ಕೊಳಲು ಮಾಡುವವರ ಕೈಗೇ ಕೊಡಿ.

ಎಣ್ಣೆಗೆ ಸಾಸಿವೆ ಎಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ತೆಂಗಿನೆಣ್ಣೆಯಾದರೂ ಅದು 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಶಿರಸಿಯ ಚಳಿಯಲ್ಲಿ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟುವಂತೆಯೇ ಕೊಳಲಿನೊಳಗೂ ಪದರ ಕಟ್ಟುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೊಮ್ಮೆ ಎಂಟು, ಹತ್ತು ಹನಿಯನ್ನು ಕೋಲಿನ ಬಟ್ಟೆಗೆ ಹಾಕಿ ಒಳಮೈಗೆ ಸವರಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒಣಬಟ್ಟೆಯಿಂದ ಒರೆಸಿ. ಮುಚ್ಚಿದ ತುದಿಯ ಬಿರಡೆಗೆ ಎಣ್ಣೆ ತುಂಬಬಾರದು, ಅದು ಜಾರಿದರೆ ಸಪ್ತಕಗಳ ಹೊಂದಾಣಿಕೆಯೇ ಕೆಡುತ್ತದೆ.

ಮಳೆಗಾಲದಲ್ಲಿ ಎಣ್ಣೆ ಬೇಡ, ಒಣಗಿಸುವುದೇ ಆರೈಕೆ. ಕೊಳಲನ್ನು ಡಬ್ಬಿಯಲ್ಲಿಡದೆ ಅಡುಗೆಮನೆಯ ಒಲೆಯಿಂದ ದೂರದ ಒಣ ಗೋಡೆಗೆ ದಾರದಲ್ಲಿ ತೂಗುಹಾಕಿ, ದಿನಾ ಹತ್ತು ನಿಮಿಷವಾದರೂ ಊದಿ ಒರೆಸಿ. ಬೂಷ್ಟು ಕಂಡರೆ ಒಣಬಟ್ಟೆ, ಹೋಗದಿದ್ದರೆ ಸ್ಪಿರಿಟ್ ತಾಗಿಸಿದ ಹತ್ತಿ. ಪಾಲಿಶ್ ಇದ್ದ ಕಡೆ ಸ್ಪಿರಿಟ್ ಹಚ್ಚಬೇಡಿ. ಕೊಳಲಿನ ಕೆಳಗೆ ಹಿಟ್ಟಿನಂಥ ನಯವಾದ ಪುಡಿ ಉದುರಿದ್ದರೆ ಕುಟ್ಟೆ ಹುಳ ಹೊಕ್ಕಿದೆ. ಅದನ್ನು ಆ ಕ್ಷಣವೇ ಉಳಿದ ಕೊಳಲುಗಳಿಂದ ಬೇರೆ ಮಾಡಿ, ಮರದ ಕಪಾಟಿನಿಂದಲೂ ದೂರ ಇಡಿ.